ಅಗ್ಗದ ಫ್ಯೂಯೆಲ್ ಪ್ರೆಶರ್ ಗೇಜ್ ಕೊಳ್ಳುವ ಮುಂಚೆ ಪೈಪ್ ನೋಡಿ

ಮಾನ್ಯ ಸಂಪಾದಕರೇ,

ಕಾರನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗೆಂದು ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಆಯಿಲ್, ಏರ್ ಫಿಲ್ಟರ್, ಬ್ಯಾಟರಿ, ಇಷ್ಟಕ್ಕೇ ಅವು ನಿಂತುಬಿಡುತ್ತವೆ. ಪೆಟ್ರೋಲ್ ಎಷ್ಟು ಒತ್ತಡದಲ್ಲಿ ಇಂಜಿನ್‌ಗೆ ಹೋಗುತ್ತಿದೆ ಎಂದು ಅಳೆಯುವ ಗೇಜ್ ವಿಷಯ ಬಂದರೂ "ಒಂದು ಗೇಜ್ ಇಟ್ಟುಕೊಳ್ಳಿ" ಎಂಬ ಒಂದೇ ಸಾಲು. ಯಾವ ಗೇಜ್ ಅಂತ ಹೇಳಬೇಕಲ್ವಾ? ತಪ್ಪು ಗೇಜ್ ಕೊಂಡರೆ ದುಡ್ಡು ಹೋಗುವುದು ಒಂದು ಕಡೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮುವ ಅಪಾಯ ಇನ್ನೊಂದು ಕಡೆ.

ನನಗೆ ಇದು ಬೇಕಾದದ್ದು ಹೀಗೆ. ಕಾರು ಸ್ವಲ್ಪ ಹೊತ್ತು ನಿಂತಿದ್ದರೆ ಸಾಕು, ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಗ್ಯಾರೇಜಿನಲ್ಲಿ, ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಹೋಗಿದೆ ಅಂದರು. ಹೊಸ ಪಂಪ್ ಹಾಕಿಸಿದೆ, ತೊಂದರೆ ಹಾಗೇ ಉಳಿಯಿತು. ಆಮೇಲೆ ಗೇಜ್ ಹಾಕಿ ನೋಡಿದರೆ ಇಂಜಿನ್ ಓಡುವಾಗ ಪ್ರೆಶರ್ ಸರಿಯಾಗಿಯೇ ಇತ್ತು, ಆಫ್ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಸೊನ್ನೆಗೆ ಇಳಿಯಿತು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದಾಗ ಒಂದು ಮಾತ್ರ ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಆ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿತ್ತು. ಪಂಪ್ ಬದಲಿಸುವ ಮುಂಚೆ ಯಾರಾದರೂ ಹತ್ತು ನಿಮಿಷ ಗೇಜ್ ಹಾಕಿ ನೋಡಿದ್ದರೆ ಅಷ್ಟು ಖರ್ಚು ಬರುತ್ತಲೇ ಇರಲಿಲ್ಲ.

ಕಡಿಮೆ ಬೆಲೆಯ ಗೇಜ್ ಸಾಕಾ ಎಂದರೆ, ಮನೆ ಕೆಲಸಕ್ಕೆ ಸಾಕು. ಡಯಲ್ ಒಳಗಿರುವುದು ಬಾಗಿದ ಒಂದು ಸಣ್ಣ ಲೋಹದ ಕೊಳವೆ, ಒತ್ತಡ ಬಿದ್ದಾಗ ಅದು ನೆಟ್ಟಗಾಗಲು ನೋಡುತ್ತದೆ, ಆ ಎಳೆತಕ್ಕೆ ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಅಷ್ಟು ಹಳೆಯ, ಸರಳ ವಸ್ತುವನ್ನು ಅಗ್ಗವಾಗಿಯೂ ತಕ್ಕಮಟ್ಟಿಗೆ ಚೆನ್ನಾಗಿ ಮಾಡಬಹುದು. ಅಗ್ಗದ ಸೆಟ್ಟುಗಳು ಕೈಕೊಡುವುದು ಪೈಪಿನಲ್ಲಿ, ಅದನ್ನು ಗೇಜಿಗೆ ಕಚ್ಚಿಸಿರುವ ಜಾಗದಲ್ಲಿ, ಸೋರದಂತೆ ತಡೆಯುವ ರಬ್ಬರ್ ಉಂಗುರದಲ್ಲಿ, ಅಂದರೆ ಓ-ರಿಂಗಿನಲ್ಲಿ, ಮತ್ತೆ ಕಾರಿಗೆ ಕೂರಿಸುವ ಅಡಾಪ್ಟರಿನಲ್ಲಿ. ಹಾಗಾಗಿ ಕೊಳ್ಳುವಾಗ ಡಯಲಿಗಿಂತ ಜಾಸ್ತಿ ಹೊತ್ತು ಪೈಪ್ ನೋಡಿ. ಅದರ ಮೇಲೆ ಪೆಟ್ರೋಲಿಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು, ಎಥನಾಲ್ ಬೆರೆತ ಪೆಟ್ರೋಲಿಗೂ ಆಗಬೇಕು. ಗಾಳಿ ಹೊಡೆಯುವ ಪೈಪು ನೋಡಲು ಹಾಗೇ ಇರುತ್ತದೆ, ಆದರೆ ಪೆಟ್ರೋಲ್ ತಾಗಿದರೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತದೆ. ಎರಡೂ ತುದಿಯಲ್ಲಿ ಪೈಪನ್ನು ಲೋಹದ ಬಳೆ ಒತ್ತಿ ಕೂರಿಸಿದ್ದರೆ ಒಳ್ಳೆಯದು. ತಿರುಪಿನ ಕ್ಲಿಪ್ ಹಾಕಿ ಬಿಗಿದಿದ್ದರೆ ನಾನಂತೂ ಮುಟ್ಟುವುದಿಲ್ಲ.

ಇನ್ನೊಂದು, ಪ್ರೆಶರ್ ಇಳಿಸುವ ಬಟನ್. ಗೇಜ್ ಪಕ್ಕದಲ್ಲಿ ಒತ್ತುವ ಬಟನ್ನೂ ಅದಕ್ಕೊಂದು ಪಾರದರ್ಶಕ ಸಣ್ಣ ಪೈಪೂ ಇರಬೇಕು. ಅಳೆದ ಮೇಲೆ ಪೈಪಿನಲ್ಲಿ ಉಳಿದ ಪೆಟ್ರೋಲನ್ನು ಅದರ ಮೂಲಕ ಡಬ್ಬಿಗೆ ಬಿಟ್ಟು ಆಮೇಲೆ ಬಿಚ್ಚಬಹುದು. ಇದಿಲ್ಲದ ಗೇಜ್ ಎಷ್ಟೇ ಅಗ್ಗವಾಗಿದ್ದರೂ ಬೇಡ, ಬಿಚ್ಚುವಾಗ ಮುಖದ ಮೇಲೇ ಚಿಮ್ಮುತ್ತದೆ.

ಡಯಲ್ ಎಷ್ಟರವರೆಗೆ ಇರಬೇಕು ಎಂಬುದು ನಿಮ್ಮ ಕಾರಿನ ಮೇಲೆ ನಿಂತಿದೆ. ಇಂಜೆಕ್ಟರ್ ಬದಲು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಗಾಳಿ ಬೆರೆಯುವ ಹಳೆಯ ಕಾರಿನಲ್ಲಿ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ (ಒತ್ತಡದ ಅಳತೆ, ಟಯರ್ ಗಾಳಿಗೂ ಇದೇ) ಇರುತ್ತದೆ. ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ 35ರಿಂದ 65, ಅಂದರೆ ಬಾರ್ ಎಂಬ ಇನ್ನೊಂದು ಅಳತೆಯಲ್ಲಿ ಸುಮಾರು ಎರಡೂವರೆಯಿಂದ ನಾಲ್ಕೂವರೆ. ಸರಿಯಾದ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ, ಅದಿಲ್ಲದೆ ಗೇಜ್ ಏನು ತೋರಿಸಿದರೂ ಪ್ರಯೋಜನ ಇಲ್ಲ. ಇಂಜೆಕ್ಟರ್ ಕಾರಿಗೆ 0ಯಿಂದ 100 ಪಿಎಸ್‌ಐ ಡಯಲ್ ಚೆನ್ನಾಗಿ ಹೊಂದುತ್ತದೆ, ಮುಳ್ಳು ನಡುವೆ ನಿಲ್ಲುತ್ತದೆ. 140ರ ಡಯಲಿನಲ್ಲಿ ನೂರಕ್ಕೆ ಎರಡರಷ್ಟು ತಪ್ಪು ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಪೂರ್ತಿ ಡಯಲಿನ ಲೆಕ್ಕ, ಎಲ್ಲಿ ಓದಿದರೂ 2.8 ಪಿಎಸ್‌ಐ ಆಚೀಚೆ. 50 ಓದುವಾಗ ಅದು ದೊಡ್ಡದಲ್ಲ. ಕಾರ್ಬ್ಯುರೇಟರಿನ 5 ಓದುವಾಗ ಅರ್ಧಕ್ಕಿಂತ ಹೆಚ್ಚೇ ತಪ್ಪಾಗಬಹುದು, ಅದಕ್ಕೆ 15ರ ಡಯಲ್ ಬೇರೆಯೇ ಬೇಕು.

ಈಗ ಅಡಾಪ್ಟರ್. ಪೆಟ್ಟಿಗೆ ತುಂಬ ಹಿತ್ತಾಳೆ ತುಂಡುಗಳಿರುವ ಸೆಟ್ ನೋಡಿ ನಾನೂ ಖುಷಿಯಿಂದಲೇ ಕೊಂಡಿದ್ದೆ, ನನ್ನ ಕಾರಿಗೆ ಅದರಲ್ಲಿ ಒಂದೂ ಕೂರಲಿಲ್ಲ. ಕೊಳ್ಳುವ ಮುಂಚೆ ಬಾನೆಟ್ ತೆಗೆದು ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್ ನೋಡಿ. ಅದರ ಮೇಲೆ ಮುಚ್ಚಳ ಹಾಕಿದ ಟಯರ್ ವಾಲ್ವ್‌ನಂಥದ್ದು ಇದ್ದರೆ ಕೆಲಸ ಸುಲಭ. ಆದರೆ ಅದರಲ್ಲೂ ಅಳತೆ ಬೇರೆ ಬೇರೆ, ಟಯರಿನದೇ ಎಂದುಕೊಂಡು ತರಬೇಡಿ. ವಾಲ್ವ್ ಇಲ್ಲದಿದ್ದರೆ ಪೈಪ್ ನಡುವೆ ಕೂರುವ, ಇಂಗ್ಲಿಷಿನ T ಆಕಾರದ ಟೀ ಅಡಾಪ್ಟರ್ ಬೇಕು, ಅದು ನಿಮ್ಮ ಕಾರಿನ ಪೈಪ್ ಜೋಡಿಸುವ ಕ್ವಿಕ್ ಕನೆಕ್ಟರ್ ಅಳತೆಗೇ ಸರಿಯಾಗಿರಬೇಕು. ನಲವತ್ತು ತುಂಡಿಗಿಂತ ಸರಿಯಾಗಿ ಕೂರುವ ಒಂದೇ ತುಂಡು ವಾಸಿ.

ಡೀಸೆಲ್ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ರೈಲಿನಿಂದ ಡೀಸೆಲ್ ಹೋಗುವ) ಕಾರಿನವರು ದಯವಿಟ್ಟು ಈ ಗೇಜನ್ನು ರೈಲಿಗೆ ಹಾಕಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಸಣ್ಣ ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗಬಲ್ಲದು. ಸಿಲಿಂಡರಿನ ಒಳಕ್ಕೇ ನೇರವಾಗಿ ಸಿಂಪಡಿಸುವ ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ ಕಾರುಗಳ ಹೈ ಪ್ರೆಶರ್ ಕಡೆಗೂ ಇದೇ ಮಾತು. ಅವುಗಳಲ್ಲಿ ರೈಲಿಗೆ ಸೆನ್ಸರ್ ಇರುವುದರಿಂದ ಕಾರಿನ ಕಂಪ್ಯೂಟರಿಗೆ ಜೋಡಿಸಿ ಓದುವ ಒಳ್ಳೆಯ ಒಬಿಡಿ ಸ್ಕ್ಯಾನರಿನಲ್ಲೇ ಒತ್ತಡ ಓದಬಹುದು, ಗೇಜಿನ ದುಡ್ಡನ್ನು ಅದಕ್ಕೆ ಹಾಕುವುದು ಮೇಲು.

ಹೊಸ ಗೇಜ್ ತಂದ ದಿನವೇ, ಪೆಟ್ರೋಲ್ ತಾಗಿಸುವ ಮುಂಚೆ, ಒಂದು ಪರೀಕ್ಷೆ ಮಾಡಿ. ಟಯರ್ ವಾಲ್ವಿಗೆ ಕೂರುವ ಅಡಾಪ್ಟರ್ ಇದ್ದರೆ ಟಯರಿಗೆ ಹಾಕಿ, ನಂಬಿಕೆಯ ಟಯರ್ ಗೇಜಿನ ಜೊತೆ ಹೋಲಿಸಿ. ಜೋಡಣೆಗಳಿಗೆ ಸೋಪಿನ ನೀರು ಸವರಿ, ಗುಳ್ಳೆ ಬಂದರೆ ಅಂಗಡಿಗೆ ವಾಪಸ್ ಕೊಡಿ.

ಅಳೆಯುವ ಮುಂಚೆ ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒತ್ತಡ ಇಳಿಯುತ್ತದೆ. ಆಮೇಲೆ ಇಂಜಿನ್ ತಣ್ಣಗಾಗಲು ಬಿಡಿ. ಬಯಲಿನಲ್ಲೇ ಮಾಡಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ನೆಲದ ಮೇಲೇ ಹರಡಿಕೊಂಡಿರುತ್ತದೆ. ಕೈಗೆ ಸಿಗುವಂತೆ ಪೆಟ್ರೋಲ್ ಬೆಂಕಿಗೆ ಆಗುವ ನಂದಕ ಇಟ್ಟುಕೊಳ್ಳಿ, ಬಕೆಟ್ ನೀರು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಂಪಾದಕರೇ, ನಿಮ್ಮ ವಾಹನ ಪುಟದಲ್ಲಿ ಈ ವಿಷಯಕ್ಕೆ ಒಂದಿಷ್ಟು ಜಾಗ ಕೊಡಿ, ರೈಲಿನ ವಾಲ್ವ್ ಎಲ್ಲಿರುತ್ತದೆ, ಟೀ ಅಡಾಪ್ಟರ್ ಹೇಗಿರುತ್ತದೆ ಎಂದು ಚಿತ್ರ ಸಮೇತ ಹಾಕಿ. ಈಗಾಗಲೇ ಗೇಜ್ ಇರುವ ಓದುಗರು ಈ ವಾರವೇ ಪೆಟ್ಟಿಗೆ ತೆಗೆದು ಓ-ರಿಂಗ್ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಿ, ಆಮೇಲೇ ಕಾರಿಗೆ ಹಾಕಿ.

ಇಂತಿ,
ನಿಮ್ಮ ಓದುಗ