ಹಳದಿ ಎಲೆಗೆಲ್ಲ ಯೂರಿಯಾವೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಮುಂಗಾರು ಶುರುವಾದರೆ ಯೂರಿಯಾಕ್ಕೆ ಸಾಲುಗಟ್ಟಿದ ರೈತರ ಚಿತ್ರ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. 2025ರಲ್ಲಂತೂ ಹಾವೇರಿ, ಗದಗ, ಕೊಪ್ಪಳದ ಕಡೆ ಸೊಸೈಟಿಗಳ ಮುಂದೆ ಜನ ಜಾತ್ರೆಯಂತೆ ನೆರೆದದ್ದನ್ನು ನಾಡೆಲ್ಲ ನೋಡಿತು. ಕೊರತೆ ನಿಜ, ರೈತರ ಸಿಟ್ಟೂ ನ್ಯಾಯವೇ. ಆದರೆ ಹಾಗೆ ನಿಂತವರೆಲ್ಲರ ಹೊಲಕ್ಕೂ ಬೇಕಿದ್ದದ್ದು ಯೂರಿಯಾವೇನಾ ಎಂದು ಯಾರೂ ಕೇಳಲಿಲ್ಲ. ನಮ್ಮ ಗೋವಿನಜೋಳದ ಸೀಮೆಯಲ್ಲಿ ಪೈರು ತುಸು ಬಿಳಚಿದರೆ ಸಾಕು, ಮರುಮಾತಿಲ್ಲದೆ ಯೂರಿಯಾ ಬೀಳುತ್ತದೆ. ಸತು, ಅಂದರೆ ಜಿಂಕ್, ಇಲ್ಲದೆ ಸೊರಗಿದ ಗಿಡಕ್ಕೆ ಯೂರಿಯಾ ಎಷ್ಟು ಸುರಿದರೂ ಅದು ಏಳುವುದಿಲ್ಲ.

ಹೊಲದಲ್ಲಿ ಮೊದಲು ಗಮನಿಸಬೇಕಾದ್ದು ಬಣ್ಣ ಕೆಟ್ಟಿರುವುದು ಕೆಳಗಿನ ಹಳೆಯ ಎಲೆಯೋ, ಸುಳಿಯ ಕಡೆಯ ಹೊಸ ಎಲೆಯೋ ಎಂಬುದನ್ನು. ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಯಲ್ಲಿದ್ದದ್ದನ್ನೇ ಕಿತ್ತು ಸುಳಿಗೆ ಸಾಗಿಸುತ್ತದೆ. ಹಾಗಾಗಿ ಗೋವಿನಜೋಳದ ತೀರ ಕೆಳಗಿನ ಎಲೆ ತುದಿಯಿಂದ ಶುರುವಾಗಿ, ನಡುದಿಂಡಿನ ಗುಂಟ ಈಟಿಯ ಆಕಾರದಲ್ಲಿ ಹಳದಿಯಾಗುತ್ತ ಬರುತ್ತದೆ. ಯೂರಿಯಾ ಕೊಡುವುದು ಸಾರಜನಕವನ್ನೇ, ಹಾಗಾಗಿ ಇದಕ್ಕೆ ಅದು ಸರಿ. ಸತುವಿನ ಕೊರತೆ ಇದಕ್ಕೆ ತದ್ವಿರುದ್ಧ. ಬಿತ್ತಿ ಎರಡು ಮೂರು ವಾರವಾಗುವಷ್ಟರಲ್ಲಿ ಹೊಸ ಎಲೆಯ ಬುಡದ ಅರ್ಧದಲ್ಲಿ, ನಡುದಿಂಡಿನ ಎರಡೂ ಬದಿಗೆ ಬೆರಳಗಲದ ಬಿಳಿ ಪಟ್ಟೆ ಏಳುತ್ತದೆ. ದಿಂಡು, ಅಂಚು, ತುದಿ ಹಸಿರಾಗಿಯೇ ಇರುತ್ತವೆ. ಗೆಣ್ಣುಗಳು ಒತ್ತೊತ್ತಾಗಿ ಗಿಡ ಕುಳ್ಳಾಗುತ್ತದೆ. ಹೊಲ ಸಮತಟ್ಟು ಮಾಡಲು ಮೇಲ್ಮಣ್ಣು ಕೆರೆದ ಜಾಗದಲ್ಲಿ ಇದು ಮೊದಲು ಕಾಣುತ್ತದೆ. ರಸ್ತೆಯಲ್ಲಿ ಹೋಗುವವನಿಗೂ ಆ ತುಂಡು ಬೇರೆಯಾಗಿ ಎದ್ದು ಕಾಣುತ್ತದೆ.

ಆದರೆ ಭತ್ತದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಸತುವಿನ ಕೊರತೆ ನಾಟಿಯಾದ ಎರಡು ಮೂರು ವಾರಕ್ಕೆ ಕೆಳಗಿನ ಎಲೆಗಳ ಮೇಲೆ ತುಕ್ಕು ಬಣ್ಣದ ಚುಕ್ಕೆಯಾಗಿ ಬರುತ್ತದೆ, ಮಡಿಯಲ್ಲಿ ಅಲ್ಲಲ್ಲಿ ಪೈರು ಕುಂಟುತ್ತದೆ. ಉತ್ತರದಲ್ಲಿ ಹಿಮಾಲಯದ ತಪ್ಪಲಿನ ತರಾಯಿ ಸೀಮೆಯಲ್ಲಿ ಇದನ್ನು ‘ಖೈರಾ’ ರೋಗವೆಂದೇ ಕರೆಯುತ್ತಿದ್ದರು. ಅದು ರೋಗವಲ್ಲ, ಸತುವಿನ ಕೊರತೆ ಎಂದು 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ತೋರಿಸಿಕೊಟ್ಟವರು ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ. ಇಷ್ಟು ವರ್ಷವಾದ ಮೇಲೂ ನಮ್ಮಲ್ಲಿ ಆ ಚುಕ್ಕೆ ಕಂಡ ಕೂಡಲೇ ಶಿಲೀಂಧ್ರನಾಶಕದ ಪೊಟ್ಟಣ ಬಿಚ್ಚುವವರಿದ್ದಾರೆ.

ಸುಣ್ಣದ ಅಂಶ ಜಾಸ್ತಿಯಿರುವ ಎರೆ ಹೊಲಗಳಲ್ಲಿ ಶೇಂಗಾ ಮತ್ತು ಕೂಳೆ (ಕಟಾವಿನ ಬಳಿಕ ಮತ್ತೆ ಚಿಗುರಿದ) ಕಬ್ಬಿನ ಸುಳಿ ಬೆಳ್ಳಗಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಇಂಥ ಮಣ್ಣಿಗೆ ಅನ್ನಭೇದಿ (ಫೆರಸ್ ಸಲ್ಫೇಟ್) ಸುರಿದರೆ ಮಣ್ಣೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಸಿಗುವುದಿಲ್ಲ. ಎಲೆಗೇ ಸಿಂಪಡಿಸಬೇಕು: ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಒಂದು ಗ್ರಾಂ ಸಿಟ್ರಿಕ್ ಆಮ್ಲ. ಆಗಿಂದಾಗ ಕಲಸಿ ಹೊಡೆಯಬೇಕು. ನಿಂತು ಕೆಂಪಗೆ ತುಕ್ಕಾದ ನೀರು ಕೆಲಸಕ್ಕೆ ಬಾರದು. ಸೂರ್ಯಕಾಂತಿಯಲ್ಲಿ ಕಾಳು ಜೊಳ್ಳಾಗಲು ಬೋರಾನ್ ಕೊರತೆಯೂ ಒಂದು ಕಾರಣ. ತೆನೆಯ ಅಂಚಿನ ಹಳದಿ ದಳ ಬಿಚ್ಚುವ ಹೊತ್ತಿಗೆ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಹಾಕಿ ತೆನೆಗೆ ಸಿಂಪಡಿಸಬಹುದು. ಕೈ ಬಿಗಿಹಿಡಿದೇ ಹಾಕಬೇಕು, ಬೋರಾನ್ ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷ.

ಮತ್ತೆ ಸತುವಿಗೆ ಬರುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚು ಎಡವಟ್ಟಾಗುವುದು ಅಲ್ಲೇ. ಎಕರೆಗೆ 10 ಕಿಲೊ ಜಿಂಕ್ ಸಲ್ಫೇಟ್ ಅನ್ನು ತಿಪ್ಪೆಗೊಬ್ಬರದ ಜೊತೆ ಮಣ್ಣಿಗೆ ಸೇರಿಸಿದರೆ ಎರಡು ಮೂರು ಬೆಳೆಗೆ ಸಾಕಾಗುತ್ತದೆ. ಆದರೆ ‘ಒಂದೇ ಕೂಲಿಯಲ್ಲಿ ಮುಗಿಯಲಿ’ ಎಂದು ಅದನ್ನು ರಂಜಕದ ಗೊಬ್ಬರವಾದ ಡಿಎಪಿ ಜೊತೆ ಬೆರೆಸಿ ಸಾಲಿಗೆ ಬಿಡುವವರೇ ಬಹಳ. ಬೆರೆಸಿದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಒಂದು ಲೋಟದಲ್ಲಿ ಡಿಎಪಿ ಕರಗಿಸಿ ಮೇಲಿನ ತಿಳಿ ಬಸಿದುಕೊಳ್ಳಿ, ಇನ್ನೊಂದರಲ್ಲಿ ಜಿಂಕ್ ಸಲ್ಫೇಟ್ ಕರಗಿಸಿ. ಎರಡನ್ನೂ ಕೂಡಿಸಿದೊಡನೆ ಒಡೆದ ಹಾಲಿನಂತೆ ಬೆಳ್ಳಗೆ ಗಡ್ಡೆ ಕಟ್ಟುತ್ತದೆ. ನೀರಲ್ಲಿ ಕರಗದ ಆ ಗಡ್ಡೆಯಿಂದ ಬೇರಿಗೆ ದಕ್ಕುವುದು ಅಷ್ಟಕ್ಕಷ್ಟೇ.

ಇದೇ ಪರೀಕ್ಷೆಯಿಂದ ಅಂಗಡಿಯವನ ಬಂಡವಾಳವೂ ಬಯಲಾಗುತ್ತದೆ. ಜಿಂಕ್ ಸಲ್ಫೇಟ್ ಹೆಸರಲ್ಲಿ ಅಗ್ಗದ ಮೆಗ್ನೀಷಿಯಂ ಸಲ್ಫೇಟ್ ಮಾರುವ ದಂಧೆ ಹಳೆಯದು. ನೋಡಲು ಎರಡೂ ಒಂದೇ ಥರದ ಬಿಳಿ ಹರಳು. ಮೆಗ್ನೀಷಿಯಂ ಸಲ್ಫೇಟ್ ಆಗಿದ್ದರೆ ಅಂಥ ಗಡ್ಡೆ ಕಟ್ಟುವುದಿಲ್ಲ. ಅರ್ಧಕ್ಕರ್ಧ ಕಲಬೆರಕೆಯಾಗಿದ್ದರೆ ಮಾತ್ರ ಲೋಟದಲ್ಲಿ ಸಿಕ್ಕಿಬೀಳದು, ಅದಕ್ಕೆ ಪ್ರಯೋಗಾಲಯವೇ ಬೇಕು. ಚೀಲದ ಮೇಲೆ ಸತು ಶೇ 21 ಎಂದಿದೆಯೋ ಶೇ 33 ಎಂದಿದೆಯೋ ಎಂಬುದನ್ನೂ ಓದಿ ಕೊಳ್ಳಬೇಕು. ಎರಡಕ್ಕೂ ಒಂದೇ ಅಳತೆ ನಡೆಯದು. ಮೇಲೆ ಹೇಳಿದ 10 ಕಿಲೊ ಶೇ 21ರದ್ದು.

ಬೆಳೆ ನಿಂತ ಮೇಲೆ ಕೊರತೆ ಕಂಡರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎಲೆ ಸುಡದಂತೆ ಅದರ ಅರ್ಧದಷ್ಟು, ಅಂದರೆ ಎರಡೂವರೆ ಗ್ರಾಂ, ಸುಣ್ಣ ಕಲಸಿದ ತಿಳಿ ಸೇರಿಸಿ ಸಿಂಪಡಿಸಬೇಕು. ಇಡೀ ಹೊಲಕ್ಕೆ ಹೊಡೆಯುವ ಮುಂಚೆ ನಾಲ್ಕು ಸಾಲಿಗೆ ಹೊಡೆದು ವಾರ ಕಾಯುವುದು ಜಾಣತನ. ನೀರು ನಿಂತರೂ ಎಲೆ ಹಳದಿಯಾಗುತ್ತದೆ, ಕೆಲವು ಕಳೆನಾಶಕಗಳ ಪೆಟ್ಟಿಗೂ ಬೆಳ್ಳಗಾಗುತ್ತದೆ. ನಾಲ್ಕು ಸಾಲಿನ ಹೊಸ ಎಲೆ ಹಸಿರಾಗಿ ಬಂದರೆ ಮುಂದುವರಿಯಬಹುದು. ಬರದಿದ್ದರೆ ಗಿಡವನ್ನು ಬೇರುಸಮೇತ ಕಿತ್ತು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ತೋರಿಸಬೇಕು.

ಇಷ್ಟೆಲ್ಲ ರೈತನೇ ಕಲಿಯಲಿ ಎಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ‘ಯೂರಿಯಾ ಬೇಕಾದರೆ ಈ ಬಾಟಲಿಯನ್ನೂ ಒಯ್ಯಿ’ ಎಂಬ ಲಿಂಕ್ ಮಾರಾಟ ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಗುಟ್ಟಿನ ವಿಷಯವೇನಲ್ಲ. ನನಗೂ ಒಂದು ಬಾಟಲಿ ಹಾಗೆ ಗಂಟುಬಿದ್ದಿದೆ. ‘ಎಲ್ಲ ಲಘು ಪೋಷಕಾಂಶಗಳ ಮಿಶ್ರಣ’ ಎಂದು ದೊಡ್ಡಕ್ಷರದಲ್ಲಿತ್ತು, ಯಾವುದು ಎಷ್ಟು ಎಂಬುದಕ್ಕೆ ಭೂತಗನ್ನಡಿ ಬೇಕಿತ್ತು. ಸತು ಬೇಕಾದವನಿಗೆ ಸತುವನ್ನೇ ಕೊಡಿ, ಐದಾರು ಅಂಶಗಳ ಚಿಟಿಕೆ ಚಿಟಿಕೆ ಬೇಡ.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಐದೂ ಇವೆ. ಒಳ್ಳೆಯ ಯೋಜನೆಯೇ. ಆದರೆ ಮೊದಲ ಸುತ್ತಿನಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆದರು. ಎಂದಮೇಲೆ ಎಷ್ಟೋ ಜನರ ಕೈಗೆ ಬಂದದ್ದು ಪಕ್ಕದವರ ಹೊಲದ ಮಣ್ಣಿನ ಜಾತಕ. ಬೇಸಿಗೆಯಲ್ಲಿ ಹೊಲ ಖಾಲಿಯಿದ್ದಾಗ ಮಣ್ಣು ತೆಗೆದು ರೋಹಿಣಿ ಮಳೆಗೆ ಮುಂಚೆ ಫಲಿತಾಂಶ ಕೊಟ್ಟರೆ ಉಪಯೋಗ. ಬಿತ್ತನೆ ಮುಗಿದ ಮೇಲೆ ಬಂದ ಚೀಟಿ ಪೆಟ್ಟಿಗೆ ಸೇರುತ್ತದೆ.

ಮಾಡಲಾಗದ ಕೆಲಸವೇನಲ್ಲ ಇದು. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ‘ಭೂಚೇತನ’ ಯೋಜನೆ ಶುರುಮಾಡಿದಾಗ ಮಣ್ಣು ಪರೀಕ್ಷೆಯಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತ್ತು. ಜಿಂಕ್ ಸಲ್ಫೇಟ್, ಬೋರಾಕ್ಸ್, ಜಿಪ್ಸಂ ಅರ್ಧ ಬೆಲೆಗೆ ಸಿಕ್ಕವು, ಯಾವುದನ್ನು ಎಷ್ಟು ಹಾಕಬೇಕೆಂದು ಊರ ಗೋಡೆಗಳ ಮೇಲೆ ಬರೆಸಿದರು, ರೈತ ಅನುವುಗಾರರು ಹೊಲಕ್ಕೇ ಬಂದರು. ಆ ಗೋಡೆ ಬರಹ ಮತ್ತೆ ಬರಲಿ. ಮೇ ಮುಗಿಯುವ ಮುನ್ನ ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪರೀಕ್ಷೆಯಾದ ಜಿಂಕ್ ಸಲ್ಫೇಟ್ ದಾಸ್ತಾನು ಇರಲಿ.

ತಮ್ಮಲ್ಲೂ ಒಂದು ವಿನಂತಿ. ಜೂನ್ ಮೊದಲ ವಾರದಲ್ಲಿ ಕೃಷಿ ಪುಟದಲ್ಲಿ ಈ ಕೊರತೆಗಳ ಎಲೆಚಿತ್ರಗಳನ್ನು ಒಟ್ಟಿಗೆ ಹಾಕಿ, ಅಂಗಡಿಗೆ ಹೋಗುವವನು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳುವ ಹಾಗಿರಲಿ. ಬಣ್ಣದ ಪುಟದಲ್ಲೇ ಹಾಕಿ. ಕಪ್ಪು-ಬಿಳುಪಿನಲ್ಲಿ ಅಚ್ಚಾದರೆ ಸಾರಜನಕವೂ ಸತುವೂ ಒಂದೇ ಬೂದು ಬಣ್ಣ.

ಇಂತಿ,
ಒಬ್ಬ ಗೋವಿನಜೋಳ ಬೆಳೆಗಾರ,
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ