ಆ ಹಲ್ಲು ಯಾರದು, ಉಂಡೆ?

ಪ್ರಿಯ ಉಂಡೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಮೂರು ವರ್ಷ ಕೇಳದವನು ಈಗ ಎಲ್ಲರೆದುರು ಕೇಳಿದರೆ ಅದು ನಾಟಕ ಆಗುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಳೆ, ಅಡಿಕೆ ರೇಟು ಅಂತ ಎರಡು ನಿಮಿಷ ಒದರಿ ಇಟ್ಟುಬಿಡುತ್ತೇನೆ, ನಿನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ. ಸಾಕ್ಷಿ ಇದ್ದರೆ ನಾನು ಅರ್ಧಕ್ಕೆ ಓಡಿಹೋಗುವುದಿಲ್ಲ. ಮೂರನೇ ಬಾಳೆಹಣ್ಣಿನ ಕೇಸಿನಲ್ಲಿ ಓಡಿಹೋಗಿದ್ದು ಬೇರೆ ವಿಷಯ.

ರೊಮೇನಿಯಾದ ಆ ಫುಟ್ಬಾಲ್ ಗೋಲ್‌ಕೀಪರ್ ಡುಕಡಾಮ್ ತೀರಿಕೊಂಡದ್ದು ಗೊತ್ತಾಯಿತಲ್ಲ? 2024ರ ಡಿಸೆಂಬರ್ 2. 65 ವರ್ಷ. ನನಗೆ ಗೊತ್ತಾದದ್ದು ಮೊನ್ನೆ, ನಿದ್ದೆ ಬಾರದ ಒಂದು ರಾತ್ರಿ. ಸುಮ್ನೆ ಫೋನ್ ತಿಕ್ಕುತ್ತಾ ಕೂತಿದ್ದೆ. ಅದೇ ಮೀಸೆಯ ಫೋಟೋ ಕಂಡಿತು. ಮೊದಲು ಅನ್ನಿಸಿದ್ದು, ಉಂಡೆಗೆ ಹೇಳಬೇಕು ಅಂತ. ಎರಡನೆಯದಾಗಿ ಅನ್ನಿಸಿದ್ದು, ಉಂಡೆಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ.

ಗಂಟೆಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದ ಆ ಸೈಬರ್ ಕೆಫೆ ನೆನಪಿದೆಯಾ? ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತಿದ್ದೆವು. ವಿಡಿಯೋ ನಾಲ್ಕು ಸೆಕೆಂಡ್ ಓಡಿ ಒಂದು ನಿಮಿಷ ತಿರುಗುತ್ತಾ ನಿಲ್ಲುತ್ತಿತ್ತು. 1986ರ ಮೇ 7, ಸ್ಪೇನಿನ ಸೆವಿಯಾ ಊರು, ಯುರೋಪಿಯನ್ ಕಪ್ ಫೈನಲ್. ಒಂದು ಕಡೆ ಬಾರ್ಸಿಲೋನಾ. ಇನ್ನೊಂದು ಕಡೆ ನಾವು ಹೆಸರು ಕೂಡ ಕೇಳದಿದ್ದ ಸ್ಟೆಯಾವಾ ಬುಖಾರೆಸ್ಟ್, ಡುಕಡಾಮ್‌ನ ತಂಡ. ಸ್ಟೇಡಿಯಂ ತುಂಬಾ ಬಾರ್ಸಿಲೋನಾದವರೇ. ರೊಮೇನಿಯಾದಲ್ಲಿ ಆಗ ಸರ್ವಾಧಿಕಾರಿ ಚಾಷೆಸ್ಕು ಆಡಳಿತ. ಮ್ಯಾಚ್ ನೋಡಿ ಬರುತ್ತೇನೆ ಅಂತ ಯಾರು ಬೇಕಾದರೂ ಗಡಿ ದಾಟುವ ಕಾಲವಲ್ಲ ಅದು. ನೂರಿಪ್ಪತ್ತು ನಿಮಿಷ ಆಡಿದರೂ ಒಂದು ಗೋಲಿಲ್ಲ. ಅಷ್ಟು ಬೇಜಾರಿನ ಫೈನಲ್ ಯಾರಿಗಾದರೂ ಪೂರ್ತಿ ನೆನಪಿದ್ದರೆ ಅವರಿಗೆ ನಮಸ್ಕಾರ. ನಮಗೆ ಬೇಕಾಗಿದ್ದದ್ದು ಅದಾದ ಮೇಲಿನ ಪೆನಾಲ್ಟಿ ಮಾತ್ರ.

ಬಲಕ್ಕೆ. ಬಲಕ್ಕೆ. ಬಲಕ್ಕೆ. ಎಡಕ್ಕೆ.

ಡುಕಡಾಮ್ ನಾಲ್ಕು ಸಲ ಹಾರಿದ, ನಾಲ್ಕೂ ಹಿಡಿದ. ನೀನು ಕುರ್ಚಿಯಿಂದ ಎದ್ದು ನಿಂತು, ಆ ಕೆಫೆಯಲ್ಲೇ ಹಾಗೆ ಹಾರಿ ತೋರಿಸಿ, ಪಕ್ಕದವರ ಕೀಬೋರ್ಡ್ ಬೀಳಿಸಿದ್ದೆ. ತಮಾಷೆ ಅಂದರೆ ಸ್ಟೆಯಾವಾದವರೂ ಮೊದಲ ಎರಡನ್ನು ಹಾಳು ಮಾಡಿಕೊಂಡಿದ್ದರು. ಆಮೇಲೆ ಲಕಟುಶ್ ಒಂದು, ಬಾಲಿಂಟ್ ಒಂದು ಹಾಕಿದರು. ಪೆನಾಲ್ಟಿಯಲ್ಲಿ 2-0. ಪೂರ್ವ ಯುರೋಪಿನ ಒಂದು ಕ್ಲಬ್ ಆ ಕಪ್ ಎತ್ತಿದ್ದು ಅದೇ ಮೊದಲು. ನೀನು ಮೂರನೇ ಪೆನಾಲ್ಟಿಯನ್ನೇ ಹತ್ತು ಸಲ ಹಿಂದೆ ಓಡಿಸಿ ನೋಡಿದೆ. "ಎರಡು ಸಲ ಬಲಕ್ಕೆ ಹಾರಿದವನು ಈ ಸಲ ಎಡಕ್ಕೆ ಹಾರ್ತಾನೆ ಅಂತ ಹೊಡೆಯುವವನು ಲೆಕ್ಕ ಹಾಕ್ತಾನೆ ಕಣೋ, ಆ ಲೆಕ್ಕ ಇವನಿಗೆ ಮೊದಲೇ ಗೊತ್ತು" ಅಂದಿದ್ದೆ. ನನಗೆ ಅರ್ಥವಾಗಿರಲಿಲ್ಲ. ಅರ್ಥವಾದವನ ಹಾಗೆ ತಲೆ ಆಡಿಸಿದ್ದೆ.

ಮೊನ್ನೆ ರಾತ್ರಿ ಡುಕಡಾಮ್‌ನಿಂದ ಶುರುವಾದದ್ದು ಬೆಳಗಿನ ಜಾವದ ತನಕ ಹೋಯಿತು. ಆ ಕ್ಲಬ್ಬಿನ ಕಥೆ ನಮ್ಮ ಹಳೆ ಮನೆಗಳ ಪಾಲುಪಟ್ಟಿಗಿಂತ ಕಗ್ಗಂಟು ಮಾರಾಯ.

1947ರ ಜೂನ್‌ನಲ್ಲಿ ಸೇನೆಯ ಅಧಿಕಾರಿಗಳು ಕಟ್ಟಿದ ಕ್ಲಬ್ ಅದು. ಆಗ ಅದು ರಾಜನ ಸೇನೆ. ಆ ವರ್ಷದ ಕೊನೆಗೆ ರಾಜನನ್ನೇ ಇಳಿಸಿದರು, ಕ್ಲಬ್ ಮಾತ್ರ ಉಳಿಯಿತು. ಎಎಸ್‌ಎ, ಸಿಎಸ್‌ಸಿಎ, ಸಿಸಿಎ ಅಂತ ಹೆಸರು ಬದಲಾಗುತ್ತಲೇ ಇತ್ತು. 1961ಕ್ಕೆ ಸ್ಟೆಯಾವಾ ಅಂತ ಆಯಿತು. ಅಂದರೆ ನಕ್ಷತ್ರ. ಎದುರಾಳಿ ಡಿನಮೋ, ಗೃಹ ಇಲಾಖೆಯ ತಂಡ. ಸೇನೆಗೂ ಪೊಲೀಸರಿಗೂ ಫುಟ್ಬಾಲ್ ಅಂದರೆ ಹೇಗಿರುತ್ತದೆ ಯೋಚಿಸು. ಚಾಷೆಸ್ಕುವಿನ ದೊಡ್ಡ ಮಗ ವಾಲೆಂಟಿನ್ ಸ್ಟೆಯಾವಾದ ಬೆನ್ನಿಗಿದ್ದ. 1988ರಲ್ಲಿ ಡಿನಮೋ ಎದುರು ರೊಮೇನಿಯಾ ಕಪ್ ಫೈನಲ್‌ನಲ್ಲಿ 1-1 ಇದ್ದಾಗ, ಇನ್ನೇನು ಮ್ಯಾಚ್ ಮುಗಿಯುತ್ತದೆ ಅನ್ನುವಾಗ ಬಾಲಿಂಟ್ ಗೋಲು ಹೊಡೆದ. ಆಫ್‌ಸೈಡ್ ಅಂದರು. ಸ್ಟೆಯಾವಾದವರು ಮೈದಾನ ಬಿಟ್ಟು ಹೊರಟೇಹೋದರು. ಆಮೇಲೆ ಕಪ್ಪು ಯಾರಿಗೆ ಹೋಯಿತು ಹೇಳು? ಹೊರಟುಹೋದವರಿಗೇ. ನಮ್ಮ ವಾರ್ಡನ್ನರ ಮಗ ಔಟಾದ ದಿನ ಅಂಪೈರ್ ಬದಲಾದದ್ದು ನೆನಪಾಗಿ ಕತ್ತಲೆಯಲ್ಲಿ ಒಬ್ಬನೇ ನಕ್ಕೆ. ಚಾಷೆಸ್ಕುವನ್ನು ಇಳಿಸಿದ ಕ್ರಾಂತಿ ಆದ ಮೇಲೆ ಸ್ಟೆಯಾವಾ ಆ ಕಪ್ಪು ಬೇಡ ಅಂದಿತಂತೆ. ಡಿನಮೋದವರು ನಮಗೂ ಬೇಡ ಅಂದರಂತೆ.

ಹಾಗಂತ ಬರೀ ಮೇಲಿನವರ ಕೃಪೆಯಿಂದ ಗೆದ್ದವರು ಅನ್ನುವ ಹಾಗಿಲ್ಲ. ಸೆವಿಯಾದಲ್ಲಿ ಚಾಷೆಸ್ಕುವಿನ ಮಾತು ಯಾರು ಕೇಳುತ್ತಾರೆ? 1986ರಿಂದ 1989ರ ತನಕ ಲೀಗಿನಲ್ಲಿ 104 ಮ್ಯಾಚ್ ಸೋಲದೆ ಆಡಿದರು. 1987ರ ಫೆಬ್ರವರಿಯಲ್ಲಿ ಸೂಪರ್ ಕಪ್‌ಗೆ ಅಂತ ಹಾಜಿ ಎಂಬ ಆಟಗಾರನನ್ನು ಬೇರೆ ಕ್ಲಬ್ಬಿನಿಂದ ಒಂದೇ ಮ್ಯಾಚಿಗೆ ಎರವಲು ತಂದರು. ಅವನು ಗೋಲು ಹೊಡೆದ, ಸೋವಿಯತ್ ಒಕ್ಕೂಟದ ಡೈನಮೋ ಕೀವ್ ಸೋತಿತು. ಎರವಲು ತಂದವನನ್ನು ವಾಪಸ್ ಕಳಿಸಲೇ ಇಲ್ಲ. ನನ್ನ ಹತ್ತಿರ ಇರುವ ನಿನ್ನ ನೀಲಿ ಸ್ವೆಟರ್ ಥರ.

ಇಲ್ಲಿಂದ ಮುಂದೆ ನನ್ನ ನಿದ್ದೆ ಹಾರಿಹೋಯಿತು.

1998ರಲ್ಲಿ ಫುಟ್ಬಾಲ್ ವಿಭಾಗ ಸೇನೆಯ ಕ್ರೀಡಾ ಸಂಸ್ಥೆಯಿಂದ ಬೇರೆಯಾಯಿತು. 2003ರಲ್ಲಿ ಬೆಕಾಲಿ ಎಂಬ ಶ್ರೀಮಂತನ ಕೈಗೆ ಬಂತು. ಕುರಿ ಸಾಕುವ ಮನೆತನದವನು, ಜಮೀನು ವ್ಯವಹಾರದಲ್ಲಿ ದುಡ್ಡು ಮಾಡಿದವನು. ಕೆಲವು ವರ್ಷ ಕಳೆದ ಮೇಲೆ ಸೇನೆ ಕೋರ್ಟಿಗೆ ಹೋಯಿತು. ಹೆಸರು ನಮ್ಮದು, ಲಾಂಛನ ನಮ್ಮದು, ನೀನು ಹೇಗೆ ಬಳಸುತ್ತೀಯ ಅಂತ. 2014ರ ಡಿಸೆಂಬರ್‌ನಲ್ಲಿ ಸೇನೆಯೇ ಗೆದ್ದಿತು. ಅದೇ ವಾರ ಇವರಿಗೆ ಲೀಗ್ ಮ್ಯಾಚ್ ಇತ್ತು. ಹಾಲಿ ಚಾಂಪಿಯನ್ನರು ಹೆಸರಿಲ್ಲದೆ, ಎದೆಯ ಮೇಲೆ ಲಾಂಛನ ಇಲ್ಲದೆ ಮೈದಾನಕ್ಕೆ ಇಳಿದರು. ನಿನ್ನೆ ತನಕ ಲಾಂಛನ ಇದ್ದ ಜಾಗ ಖಾಲಿ. ಹುಟ್ಟಿದಾಗಿನಿಂದ ಕೂಗಿಕೊಂಡು ಬಂದ ಹೆಸರನ್ನು ಕೂಗಬೇಕೋ ಬೇಡವೋ ಅಂತ ಗೊತ್ತಿಲ್ಲದೆ ಜನ ಕೂತಿದ್ದಾರೆ. ನಾನು ಆ ಮ್ಯಾಚ್ ನೋಡಿಲ್ಲ. ಆದರೂ ಆ ಖಾಲಿ ಜಾಗ ಕಣ್ಣೆದುರು ಬಂದು ನಿಂತಿತು.

2017ರಲ್ಲಿ ಬೆಕಾಲಿಯ ತಂಡ ಎಫ್‌ಸಿಎಸ್‌ಬಿ ಆಯಿತು. ಅಕ್ಷರ ಮಾತ್ರ. ಅದೇ ವರ್ಷ ಸೇನೆ ತನ್ನದೇ ಸ್ಟೆಯಾವಾವನ್ನು ಮತ್ತೆ ಶುರು ಮಾಡಿ ನಾಲ್ಕನೇ ದರ್ಜೆಯಿಂದ ಆಡಿಸಿತು. 2018ರಲ್ಲಿ ಆ ನಾಲ್ಕನೇ ದರ್ಜೆಯ ಒಂದು ಮ್ಯಾಚಿಗೆ, ಬುಖಾರೆಸ್ಟಿನದೇ ಇನ್ನೊಂದು ತಂಡ ರಾಪಿಡ್ ಎದುರು, 36,277 ಜನ ಬಂದಿದ್ದರು. ನಮ್ಮ ಕಡೆಯ ಹೋಬಳಿ ಮಟ್ಟದ ಪಂದ್ಯ ಅಂದುಕೋ. ಅದಕ್ಕೆ ಅಷ್ಟು ಜನ! ಇತ್ತ ಎಫ್‌ಸಿಎಸ್‌ಬಿ 2024, 2025 ಎರಡೂ ವರ್ಷ ದೇಶದ ಚಾಂಪಿಯನ್. ಒಬ್ಬರ ಹತ್ತಿರ ಹೆಸರು, ಇನ್ನೊಬ್ಬರ ಹತ್ತಿರ ಆಟ.

ಹಾಗಾದರೆ ಸೆವಿಯಾ ಯಾರದು? ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ ಪಟ್ಟಿ ನೋಡಿದರೆ 1986ರ ಕಪ್ ಎಫ್‌ಸಿಎಸ್‌ಬಿ ಲೆಕ್ಕದಲ್ಲಿದೆ. ಸೇನೆಯವರು, ಅಂಗಿ ನಮ್ಮದು, ಹೆಸರು ನಮ್ಮದು, ಆ ರಾತ್ರಿಯೂ ನಮ್ಮದೇ ಅನ್ನುತ್ತಾರೆ. ಅವತ್ತು ಆಡಿದವರೂ ಎರಡು ಪಾಲಾದರು. ಡುಕಡಾಮ್ ಬೆಕಾಲಿಯ ಕ್ಲಬ್ಬಿನಲ್ಲಿ ಅಧ್ಯಕ್ಷ ಅನ್ನಿಸಿಕೊಂಡು ವರ್ಷಗಟ್ಟಲೆ ಇದ್ದ. ಲಕಟುಶ್ ಸೇನೆಯ ಕಡೆ ಹೋದ. ಒಬ್ಬ ಗೋಲು ಹಾಕಿದ್ದರಿಂದ ಇನ್ನೊಬ್ಬ ಹಿಡಿದದ್ದಕ್ಕೆ ಬೆಲೆ ಬಂದಿತ್ತು, ಒಂದೇ ರಾತ್ರಿ, ಒಂದೇ ಗೋಲ್‌ಪೋಸ್ಟ್.

ಡುಕಡಾಮ್ ಕಥೆಯಲ್ಲಿ ಇನ್ನೊಂದಿದೆ. ಸೆವಿಯಾ ಆಗಿ ಕೆಲವೇ ವಾರಕ್ಕೆ ಅವನ ಬಲಗೈಯಲ್ಲಿ ರಕ್ತ ಹೆಪ್ಪುಗಟ್ಟಿತು. ಸ್ಟೆಯಾವಾಕ್ಕೆ ಮತ್ತೆ ಆಡಲೇ ಇಲ್ಲ. ಊರ ಕಡೆ ಹೋಗಿ ಗಡಿ ಪೊಲೀಸ್ ಕೆಲಸಕ್ಕೆ ಸೇರಿದ. ಜನ ಮಾತ್ರ ಬೇರೆಯೇ ಕಥೆ ಕಟ್ಟಿದರು. ಬಹುಮಾನ ಬಂದ ಕಾರಿಗಾಗಿ ಚಾಷೆಸ್ಕುವಿನ ಮಗ ಅವನ ಕೈ ಮುರಿಸಿದ ಅಂತ. ಹಾಗೇನೂ ಆಗಿಲ್ಲ, ಕಾಯಿಲೆ ಅಷ್ಟೆ ಅಂತ ಅವನೇ ಎಷ್ಟು ಸಲ ಹೇಳಿದರೂ ಕಥೆ ನಿಲ್ಲಲಿಲ್ಲ. ತನ್ನ ಕೈಗೆ ಏನಾಯಿತು ಅನ್ನುವುದರಲ್ಲೂ ಅವನ ಮಾತು ನಡೆಯಲಿಲ್ಲ ನೋಡು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಹಾಸ್ಟೆಲ್ಲಿನ ಎ ಬ್ಲಾಕ್, ಬಿ ಬ್ಲಾಕ್ ಫೈನಲ್. ಜುಲೈ ಮಳೆ, ಕೆಂಪು ಕೆಸರು, ಅಡಿಕೆ ದಬ್ಬೆಯ ಗೋಲ್‌ಪೋಸ್ಟ್. ನೀನು ಎರಡು ಪೆನಾಲ್ಟಿ ಹಿಡಿದೆ. ಒಂದು ಕೈಯಲ್ಲಿ, ಒಂದು ಮುಖದಲ್ಲಿ. ಹಲ್ಲು ಮುರಿದು ಬಾಯಿ ತುಂಬಾ ರಕ್ತ, ಆದರೂ ಬಾಲು ಬಿಡಲಿಲ್ಲ. ನಾನು ಗೆರೆಯಾಚೆ ನಿನ್ನ ಕನ್ನಡಕ ಹಿಡಿದುಕೊಂಡು, ಶೆಟ್ಟರ ಛತ್ರಿಯ ಕೆಳಗೆ ನಿಂತಿದ್ದೆ. ಅಷ್ಟೇ ನನ್ನ ಪಾಲು.

ಈ ಕಥೆಯನ್ನು ನಾನು ಆಫೀಸಿನಲ್ಲಿ ಹೇಳುತ್ತೇನೆ. ಊಟದ ಟೇಬಲ್‌ನಲ್ಲಿ, ಟೀಮ್ ಔಟಿಂಗ್‌ನಲ್ಲಿ, ಹೊಸಬರು ಬಂದಾಗಲೆಲ್ಲ. ಮೊದಮೊದಲು "ನನ್ನ ಫ್ರೆಂಡ್ ಒಬ್ಬ" ಅಂತಿದ್ದೆ. ಆಮೇಲೆ "ನಾವು" ಆಯಿತು. ಯಾವಾಗ "ನಾನು" ಆಯಿತೋ ಗೊತ್ತಿಲ್ಲ. ಸುಳ್ಳು, ಗೊತ್ತಿದೆ. ಬರುತ್ತೇನೆ ಅದಕ್ಕೆ.

ಕಳೆದ ಭಾನುವಾರ ಮನೆಗೆ ಬಂದವರ ಮುಂದೆ ಮತ್ತೆ ಹೇಳಿದೆ. ಮಗಳು ಕೇಳಿಸಿಕೊಂಡಳು. ಏಳು ವರ್ಷದವಳು, ಎಲ್ಲದಕ್ಕೂ ಪುರಾವೆ ಬೇಕು. ಅವಳಿಗೂ ಈಗ ಹಲ್ಲು ಬೀಳುವ ಕಾಲ. "ಅಪ್ಪ, ಯಾವ ಹಲ್ಲು? ತೋರಿಸು" ಅಂದಳು. ನಾನು ಬಾಯಿ ತೆಗೆದೆ. ಅವಳು ಅಮ್ಮನ ಫೋನಿನ ಟಾರ್ಚ್ ಹಾಕಿಕೊಂಡು ಒಳಗೆ ಬಗ್ಗಿ ನೋಡಿದಳು. ನಾನು ಬೆರಳಿಟ್ಟು ತೋರಿಸಿದೆ ಉಂಡೆ. ಎಡಗಡೆ ಕ್ಯಾಪ್ ಹಾಕಿಸಿದ ಹಲ್ಲು. ಹೋದ ದೀಪಾವಳಿಗೆ ಕೋಡುಬಳೆ ಕಡಿದು ಮುರಿದದ್ದು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೋಡುಬಳೆ ಮಾಡಿದವಳು ಅವಳೇ. ಏನೂ ಅನ್ನಲಿಲ್ಲ.

ಮಗಳು ಟಾರ್ಚ್ ಆರಿಸಿ, "ನೋವಾಯ್ತಾ?" ಅಂತ ಕೇಳಿದಳು. ಹೂಂ ಅಂದೆ.

ಈಗ ಆ "ಯಾವಾಗ" ವಿಷಯ. ಮೂರು ವರ್ಷದ ಹಿಂದೆ ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಮೆಸೇಜ್ ಮಾಡಿದ್ದೆ. ದುಡ್ಡು ಕೇಳಿದ್ದೆ. ದೊಡ್ಡ ಮೊತ್ತವೂ ಅಲ್ಲ. ನಾನು ಓದಿದೆ. ನಿನಗೂ ನೀಲಿ ಗೆರೆ ಕಂಡಿರುತ್ತದೆ. ನಾಲ್ಕು ದಿನ ಬಿಟ್ಟು, ಆಫೀಸಿನಲ್ಲಿ ಸಿಕ್ಕಾಪಟ್ಟೆ ಕೆಲಸ ಇತ್ತು, ಈಗ ನೋಡಿದೆ, ಎಷ್ಟು ಬೇಕು ಅಂತ ಬರೆದೆ. ನೀನು "ಆಯ್ತು ಬಿಡು, ವ್ಯವಸ್ಥೆ ಆಯ್ತು" ಅಂದೆ. ಕೆಲಸ ಇರಲಿಲ್ಲ. ದುಡ್ಡು ಇತ್ತು. ಕೊಟ್ಟರೆ ವಾಪಸ್ ಬರುತ್ತದೋ ಇಲ್ಲವೋ ಅಂತ ನಾಲ್ಕು ದಿನ ಲೆಕ್ಕ ಹಾಕುತ್ತಿದ್ದೆ. ನಿನ್ನ ವಿಷಯದಲ್ಲಿ! ಅಪ್ಪ ಹೋದಾಗ ಬಂದೆ, ಆದರೆ ಹಿಂದಿನ ಸಾಲಿನಲ್ಲಿ ನಿಂತು, ಊಟಕ್ಕೂ ಕೂರದೆ ಹೊರಟೆ.

ಅದಾದ ಮೇಲೆ ಆ ಕಥೆಯಲ್ಲಿ ನಿನ್ನ ಹೆಸರು ಹೇಳಲು ಬಾಯಿ ಬರುತ್ತಿರಲಿಲ್ಲ. ಹೆಸರು ತೆಗೆದರೆ "ಅವನು ಈಗ ಎಲ್ಲಿದ್ದಾನೆ?" ಅಂತ ಯಾರಾದರೂ ಕೇಳುತ್ತಾರೆ. ಕಥೆ ಬಿಡುವುದಕ್ಕೂ ಆಗಲಿಲ್ಲ, ಅಷ್ಟು ಚೆನ್ನಾಗಿದೆ ಅದು. ಹಾಗಾಗಿ ನಿನ್ನನ್ನು ತೆಗೆದು ಕಥೆ ಇಟ್ಟುಕೊಂಡೆ. ಹೆಸರಿಲ್ಲದ ಆ ಅಂಗಿಯ ಬಗ್ಗೆ ಓದುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಡುಕಡಾಮ್ ಬಗ್ಗೆ ನಾಲ್ಕು ಸಾಲು, ಒಂದು ಹಳೆ ಫೋಟೋ, ಮುಗೀತು ಅಂದುಕೊಂಡಿದ್ದೆ. ಈಗ ನಮ್ಮ ಹಾಸ್ಟೆಲ್ ಮಂದಿಯೆಲ್ಲ ಓದಿ, "ಅರ್ಧ ಟಿಕೆಟ್ ಗೋಲ್‌ಕೀಪರ್ ಅಂತೆ!" ಅಂತ ಉರುಳಾಡಿ ನಗುತ್ತಾರೆ. ನಗಲಿ. ಬಾಲು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವನು ನಾನು ಅಂತ ಅವರಿಗೆಲ್ಲ ಗೊತ್ತು. ಆಫೀಸಿನವರಿಗೆ ಕನ್ನಡ ಓದಲು ಬರುವುದಿಲ್ಲ, ಆ ಮಟ್ಟಿಗೆ ನನ್ನ ಮಾನ ಸುರಕ್ಷಿತ. ಒಬ್ಬರಿಗೆ ಬರುತ್ತದೆ. ಅವರಿಗೆ ನಾಳೆ ಕಾಫಿ ಕೊಡಿಸಿ ಬಾಯಿ ಮುಚ್ಚಿಸುತ್ತೇನೆ.

ಈ ಭಾನುವಾರ ಸಂಜೆ ಆರಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ. ಎತ್ತು ಮಾರಾಯ. ಮಗಳಿಗೆ ಹೇಳಿದ್ದೇನೆ, ನಿಜವಾದ ಹಲ್ಲು ಬೇರೆ ಕಡೆ ಇದೆ ಅಂತ. ಅವಳು ಪುರಾವೆ ಇಲ್ಲದೆ ನಂಬುವವಳಲ್ಲ. ಬೆಳಕಿರುವ ಕಡೆ ಕೂತು ಬಾಯಿ ದೊಡ್ಡದಾಗಿ ತೆಗೆ. ಕವಳ ಹಾಕಿಕೊಂಡಿರಬೇಡ.

ಇಂತಿ,
ಅರ್ಧ ಟಿಕೆಟ್

ಮರೆತಿದ್ದೆ: ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. ಶೆಟ್ಟರಿಗೆ ಹೇಳಬೇಡ.