ಪ್ರೂಫ್ ಗುರುತು ಇದೆ ಅಂತ ಜಾಸ್ತಿ ಒತ್ತಡ ಬೇಡ

ಗೆಳೆಯರೇ, "ಪ್ರೂಫ್ ಆದ ಪಿಸ್ತೂಲ್ ಅಲ್ವಾ, ಸ್ವಲ್ಪ ಜಾಸ್ತಿ ಒತ್ತಡದ ತೋಟಾ ಹಾಕಿದರೆ ಏನಾಗುತ್ತೆ?" ಅಂತ ನಿನ್ನೆ ಒಬ್ಬರು ಕೇಳಿದ್ದರು. ದಯವಿಟ್ಟು ಹಾಕಬೇಡಿ. ಪ್ರೂಫ್ ಅಂದರೆ ಜಾಸ್ತಿ ಒತ್ತಡದ ತೋಟಾ ಹಾರಿಸಿ ಬಂದೂಕು ತಡೆಯುತ್ತಾ ಅಂತ ನೋಡುವ ಪರೀಕ್ಷೆ. ಸಿಐಪಿ (ಬಂದೂಕು, ತೋಟಾಗಳ ಪರೀಕ್ಷೆಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ 9 ಎಂಎಂ ಲ್ಯೂಗರ್ ಅನ್ನುವ ಪಿಸ್ತೂಲ್ ತೋಟಾದ ಒತ್ತಡದ ಮಿತಿ 2350 ಬಾರ್ (ಒತ್ತಡದ ಅಳತೆ). ಪ್ರೂಫ್ ತೋಟಾ ಅದಕ್ಕಿಂತ 30% ಜೋರು, ಅಂದರೆ ಸುಮಾರು 3055 ಬಾರ್. ಅದನ್ನು ಹಾರಿಸುವುದು ಬೆರಳೆಣಿಕೆಯಷ್ಟು ಸಲ ಮಾತ್ರ. ಆಮೇಲೆ ಎಲ್ಲಾದರೂ ಬಿರುಕು ಬಿಟ್ಟಿದೆಯಾ, ಉಬ್ಬಿದೆಯಾ ಅಂತ ನೋಡಿ ಗುರುತು ಒತ್ತುತ್ತಾರೆ. ಪಿಸ್ತೂಲ್ ಅಷ್ಟು ಒತ್ತಡ ದಿನಾ ತಡೆಯುತ್ತೆ ಅಂತ ಯಾರೂ ಹೇಳಿಲ್ಲ!

ಇನ್ನೊಂದು ಗೊಂದಲ: .308 ವಿಂಚೆಸ್ಟರ್ ಅನ್ನುವ ರೈಫಲ್ ತೋಟಾದ ಒತ್ತಡದ ಮಿತಿ ಒಂದು ಕಡೆ 52,000 ಸಿಯುಪಿ, ಇನ್ನೊಂದು ಕಡೆ 62,000 ಪಿಎಸ್‌ಐ ಅಂತ ಇರುತ್ತದೆ. ತೋಟಾ ಅದೇ, ಅಳೆದ ಬಗೆ ಬೇರೆ. ಮೊದಲನೆಯದು ತಾಮ್ರದ ತುಂಡು ಎಷ್ಟು ನಜ್ಜಾಯಿತು ಅನ್ನುವ ಲೆಕ್ಕ, ಎರಡನೆಯದು ಸೆನ್ಸರ್‌ನದು. ಎರಡನ್ನೂ ಬೆರೆಸಬೇಡಿ.